ಬಂಧನಕ್ಕೆ ಒಂದು ದಿನ, ತೀರ್ಪಿಗೆ ಒಂಬತ್ತು ವರ್ಷ

ಹೈದರಾಬಾದಿನ ಕೊಂಡಾಪುರದಿಂದ ಕೊತ್ತಗುಡ ದಾಟಿ ಹೈಟೆಕ್ ಸಿಟಿ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಶಿಲ್ಪಕಲಾ ವೇದಿಕೆ ಸಿಗುತ್ತದೆ. 2022ರ ಆಗಸ್ಟ್ 20ರಂದು ಅಲ್ಲಿ ಹಾಸ್ಯ ಕಲಾವಿದ ಮುನವ್ವರ್ ಫಾರೂಕಿಯ ಕಾರ್ಯಕ್ರಮವಿತ್ತು. ಹಿಂದೂ ದೇವರುಗಳನ್ನು ಅವಮಾನಿಸಿದ ವ್ಯಕ್ತಿಗೆ ವೇದಿಕೆ ಕೊಡಬಾರದೆಂದು ಗೋಷಾಮಹಲ್ ಕ್ಷೇತ್ರದ ಬಿಜೆಪಿ ಶಾಸಕ ಟಿ. ರಾಜಾ ಸಿಂಗ್ ಪಟ್ಟು ಹಿಡಿದಿದ್ದರು. ಬಿಗಿ ಬಂದೋಬಸ್ತಿನಲ್ಲಿ ಕಾರ್ಯಕ್ರಮ ನಡೆದೇ ಹೋಯಿತು. ಎರಡು ದಿನ ಕಳೆದ ಮೇಲೆ ಶಾಸಕರ ಒಂದು ವಿಡಿಯೊ ಹೊರಬಿತ್ತು. ಅದರಲ್ಲಿ ಪ್ರವಾದಿ ಮುಹಮ್ಮದರನ್ನು ನಿಂದಿಸಲಾಗಿದೆ ಎಂದು ಹಳೇ ನಗರದ ಜನ ರಾತ್ರೋರಾತ್ರಿ ಠಾಣೆಗಳ ಮುಂದೆ ಸೇರಿದರು.

ಆಗಸ್ಟ್ 23ರ ಬೆಳಿಗ್ಗೆ ಶಾಸಕರನ್ನು ಬಂಧಿಸಲಾಯಿತು. ಅದೇ ದಿನ ನಾಂಪಲ್ಲಿ ನ್ಯಾಯಾಲಯ ಅವರನ್ನು ಬಿಟ್ಟು ಕಳುಹಿಸಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನಕ್ಕೆ ಮೊದಲು ಸಿಆರ್‌ಪಿಸಿ 41ಎ ಪ್ರಕಾರ ನೋಟಿಸ್ ಕೊಟ್ಟು ವಿಚಾರಣೆಗೆ ಕರೆಯಬೇಕಿತ್ತು, ಬಂಧನ ಬೇಕೇಬೇಕೆಂದರೆ ಕಾರಣ ಬರೆದಿಡಬೇಕಿತ್ತು. ಪೊಲೀಸರು ಅದನ್ನು ಪಾಲಿಸಿರಲಿಲ್ಲ. ಆಗಸ್ಟ್ 25ರಂದು ಅವರನ್ನು ಮತ್ತೆ ಬಂಧಿಸಿದರು, ಈ ಸಲ ತೆಲಂಗಾಣದ ಮುನ್ನೆಚ್ಚರಿಕೆ ಬಂಧನ ಕಾಯ್ದೆಯಡಿ. ಜನ ‘ಪಿ.ಡಿ. ಆ್ಯಕ್ಟ್’ ಎನ್ನುವ ಈ ಕಾಯ್ದೆಯಲ್ಲಿ ಆರೋಪ ಸಾಬೀತಾಗದೆಯೇ ಒಂದು ವರ್ಷದವರೆಗೆ ಒಳಗಿಡಬಹುದು. ಸುಮಾರು ಎರಡೂವರೆ ತಿಂಗಳು ಅವರು ಚೆರ್ಲಪಲ್ಲಿ ಜೈಲಿನಲ್ಲಿದ್ದರು. ನವೆಂಬರ್ 9ರಂದು ತೆಲಂಗಾಣ ಹೈಕೋರ್ಟ್ ಆ ಬಂಧನ ಆದೇಶವನ್ನು ರದ್ದು ಮಾಡಿತು.

ಆ ದಿನಗಳಲ್ಲಿ ಕೊಂಡಾಪುರದ ಪಿಜಿಗಳಲ್ಲಿ, ಬಾಡಿಗೆ ಮನೆಗಳಲ್ಲಿ ಇದ್ದ ಕಲಬುರಗಿ, ಬೀದರ, ರಾಯಚೂರು ಕಡೆಯ ಹುಡುಗ ಹುಡುಗಿಯರಿಗೆ ಊರಿನಿಂದ ಫೋನ್ ಬರುತ್ತಲೇ ಇತ್ತು. ‘ಯಪ್ಪಾ, ಚಾರ್‌ಮಿನಾರ್ ಕಡಿಗಿ ಹೋಗಬ್ಯಾಡ. ಆಫೀಸ್ ಇಲ್ಲಂದ್ರ ರೂಮಿನಾಗ ಇರು’ ಎಂದು ತಾಯಂದಿರು ಬೇಡಿಕೊಳ್ಳುತ್ತಿದ್ದರು. ಕೊಂಡಾಪುರಕ್ಕೂ ಹಳೇ ನಗರಕ್ಕೂ ದೂರ ಬಹಳ. ಆದರೂ 1956ರವರೆಗೆ ಇದೇ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಕಲ್ಯಾಣ ಕರ್ನಾಟಕದ ಹಿರಿಯರಿಗೆ ಈ ನಗರದಲ್ಲಿ ಗಲಾಟೆ ಎಂದರೆ ಪಕ್ಕದ ಓಣಿಯಲ್ಲಿ ಗಲಾಟೆ ಎದ್ದ ಹಾಗೆಯೇ. ಒಬ್ಬ ಶಾಸಕ ಕ್ಯಾಮೆರಾ ಮುಂದೆ ಆಡಿದ ಕೆಲವು ನಿಮಿಷಗಳ ಮಾತಿಗೆ ಇನ್ನೊಂದು ರಾಜ್ಯದ ತಾಯಿಯ ನಿದ್ದೆ ಹಾರುತ್ತದೆ. ದ್ವೇಷ ಭಾಷಣದ ಪೆಟ್ಟು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಕಾನೂನಿನ ಚರ್ಚೆಗೆ ಮುನ್ನ ನೆನಪಿಡಬೇಕು.

ಮೂರು ದಿನಗಳಲ್ಲಿ ಎರಡು ಬಂಧನ, ಒಂದು ಬಿಡುಗಡೆ. ಮೂರು ತಿಂಗಳೊಳಗೆ ಆದೇಶವೇ ರದ್ದು. ಧರ್ಮದ ಹೆಸರಿನಲ್ಲಿ ಕೆರಳಿಸುವ ರಾಜಕಾರಣಿಗಳನ್ನು ನಮ್ಮ ಜಾತ್ಯತೀತ ಗಣರಾಜ್ಯ ಕಾನೂನಿನ ಮುಂದೆ ನಿಲ್ಲಿಸುವ ರೀತಿ ಬಹುಪಾಲು ಹೀಗೆಯೇ ಇದೆ. ಸುದ್ದಿಯಾಗುವವರೆಗೆ ಅವಸರ, ಸಾಬೀತು ಮಾಡುವ ಹೊತ್ತಿಗೆ ಉದಾಸೀನ.

ನಿರ್ಮಲ್‌ನಿಂದ ನಾಂಪಲ್ಲಿವರೆಗೆ

ಇದಕ್ಕೂ ಹತ್ತು ವರ್ಷ ಹಿಂದಿನ ಪ್ರಕರಣ ಅಕ್ಬರುದ್ದೀನ್ ಓವೈಸಿಯವರದು. 2012ರ ಡಿಸೆಂಬರ್‌ನಲ್ಲಿ ನಿಜಾಮಾಬಾದ್ ಮತ್ತು ನಿರ್ಮಲ್‌ನಲ್ಲಿ ಎಂಐಎಂ ಶಾಸಕರಾಗಿ ಅವರು ಮಾಡಿದ ಭಾಷಣಗಳ ತುಣುಕುಗಳು ದೇಶದ ತುಂಬ ಹರಿದಾಡಿದವು. ಪೊಲೀಸರನ್ನು ಹದಿನೈದು ನಿಮಿಷ ಪಕ್ಕಕ್ಕೆ ಸರಿಸಿ ನೋಡಿ ಎಂಬ ಅರ್ಥದ ಸವಾಲು ಅದರಲ್ಲಿತ್ತು ಎಂಬುದು ಆರೋಪ. 2013ರ ಜನವರಿ 8ರಂದು ಅವರ ಬಂಧನವಾಯಿತು. ಸುಮಾರು ನಲವತ್ತು ದಿನ ಅವರು ಜೈಲಿನಲ್ಲಿದ್ದರು. ತೀರ್ಪು ಬಂದದ್ದು 2022ರ ಏಪ್ರಿಲ್ 13ರಂದು. ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಎರಡೂ ಪ್ರಕರಣಗಳಲ್ಲಿ ಅವರನ್ನು ಖುಲಾಸೆಗೊಳಿಸಿತು. ಮುಂದೆ ಇಂಥ ಮಾತು ಆಡಬಾರದು, ಈ ತೀರ್ಪನ್ನು ಸಂಭ್ರಮಿಸಬಾರದು ಎಂದೂ ಎಚ್ಚರಿಸಿತು. ಭಾಷಣದ ಪೂರ್ತಿ ದೃಶ್ಯಾವಳಿ ನ್ಯಾಯಾಲಯದ ಮುಂದೆ ಇರಲಿಲ್ಲ, ತುಣುಕುಗಳಷ್ಟೇ ಇದ್ದವು. ಸಂಶಯದ ಲಾಭ ಆರೋಪಿಗೆ ಸಿಕ್ಕಿತು.

ಇಲ್ಲಿ ಕಾಲಕ್ರಮವನ್ನೂ ಗಮನಿಸಬೇಕು. ಚಾರ್‌ಮಿನಾರ್ ಪಕ್ಕದ ಭಾಗ್ಯಲಕ್ಷ್ಮಿ ಗುಡಿಯ ವಿವಾದದ ಹಿನ್ನೆಲೆಯಲ್ಲಿ 2012ರ ನವೆಂಬರ್‌ನಲ್ಲಿ ಎಂಐಎಂ ಆಗಿನ ಕಾಂಗ್ರೆಸ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡಿತ್ತು. ಎರಡು ತಿಂಗಳೊಳಗೆ ಅಕ್ಬರುದ್ದೀನ್ ಬಂಧನವಾಯಿತು. 2013ರ ಜನವರಿ 21ರಂದು ಅವರ ಅಣ್ಣ, ಸಂಸದ ಅಸದುದ್ದೀನ್ ಓವೈಸಿ ಸಂಗಾರೆಡ್ಡಿ ನ್ಯಾಯಾಲಯಕ್ಕೆ ಶರಣಾಗಿ ಜೈಲಿಗೆ ಹೋದರು. ಅದು 2005ರ ಪ್ರಕರಣ, ರಸ್ತೆ ಅಗಲೀಕರಣದ ವಿರುದ್ಧದ ಪ್ರತಿಭಟನೆಗೆ ಸಂಬಂಧಿಸಿದ್ದು. ಮೈತ್ರಿ ಇದ್ದ ದಿನಗಳಲ್ಲಿ ಮಲಗಿದ್ದ ಕಡತ ಮೈತ್ರಿ ಮುರಿದ ಮೇಲೆ ಎದ್ದು ಕೂತಿತು. ಅಪರಾಧ ಆಗಿತ್ತೋ ಇಲ್ಲವೋ ಎನ್ನುವುದು ಬೇರೆ ಮಾತು. ಇದನ್ನು ನೋಡಿದ ಸಾಮಾನ್ಯ ಮನುಷ್ಯನಿಗೆ ಕಾನೂನಿನ ಮೇಲಿನ ಭರವಸೆ ಕುಸಿಯುತ್ತದೆ. ಆಪಾದಿತ ನಾಯಕನಿಗೂ ‘ನನ್ನ ಸಮುದಾಯಕ್ಕಾಗಿ ಜೈಲು ಕಂಡೆ’ ಎಂದು ಹೇಳಿಕೊಳ್ಳಲು ದಾರಿಯಾಗುತ್ತದೆ.

ರಾಜಾ ಸಿಂಗ್ ಪ್ರಕರಣದಲ್ಲೂ ಪ್ರಶ್ನೆ ಇಂಥದ್ದೇ. ಪಿ.ಡಿ. ಆ್ಯಕ್ಟ್ ಹಾಕಿದಾಗ ಅವರ ಮೇಲೆ 2004ರಿಂದ 101 ಕ್ರಿಮಿನಲ್ ಪ್ರಕರಣಗಳಿವೆ, ಕೋಮು ಸಂಬಂಧಿ ಪ್ರಕರಣಗಳೇ 18 ಎಂದು ಪೊಲೀಸರು ತಿಳಿಸಿದ್ದರು. 2017ರ ಡಿಸೆಂಬರ್‌ನಲ್ಲಿ ಯಾದಗಿರಿಯ ಸಮಾವೇಶದ ಭಾಷಣಕ್ಕಾಗಿ ಕರ್ನಾಟಕದಲ್ಲೂ ಅವರ ಮೇಲೆ ಪ್ರಕರಣ ದಾಖಲಾಗಿತ್ತು. ಪಟ್ಟಿ ಇಷ್ಟು ಉದ್ದವಿದ್ದರೆ ಒಂದೊಂದನ್ನೂ ಸಕಾಲದಲ್ಲಿ ವಿಚಾರಣೆಗೆ ತಂದು ತೀರ್ಮಾನಕ್ಕೆ ಒಯ್ಯಬೇಕಿತ್ತು. ಅದನ್ನು ಬಿಟ್ಟು, ಆರೋಪವನ್ನು ಸಾಬೀತು ಮಾಡಲೇಬೇಕಿಲ್ಲದ ಕಾಯ್ದೆಯನ್ನು ಹಿಡಿದರೆ ಅದು ಸರ್ಕಾರದ ಶಕ್ತಿಯಲ್ಲ, ಸೋಲು. 2023ರ ಸೆಪ್ಟೆಂಬರ್‌ನಲ್ಲಿ ಅಮೀನಾ ಬೇಗಂ ಪ್ರಕರಣದಲ್ಲಿ ತೆಲಂಗಾಣ ಈ ಕಾಯ್ದೆಯನ್ನು ಬಳಸುತ್ತಿರುವ ರೀತಿಗೆ ಸುಪ್ರೀಂ ಕೋರ್ಟ್ ಕಟುವಾಗಿ ಆಕ್ಷೇಪಿಸಿತು.

ಕಲಬುರಗಿಯ ಮೈದಾನ, ಕುಮಟಾದ ವೇದಿಕೆ

ಇದು ಹೈದರಾಬಾದಿಗೆ ಮಾತ್ರ ಅಂಟಿದ ರೋಗವಲ್ಲ. 2020ರ ಫೆಬ್ರುವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಕಲಬುರಗಿಯಲ್ಲಿ ನಡೆದ ಸಭೆಗೆ ಮುಂಬೈನಿಂದ ಬಂದ ಎಂಐಎಂ ಮುಖಂಡ ವಾರಿಸ್ ಪಠಾಣ್, ಹದಿನೈದು ಕೋಟಿ ಮಂದಿ ನೂರು ಕೋಟಿಗೆ ಭಾರವಾಗುತ್ತಾರೆ ಎಂಬರ್ಥದ ಮಾತಾಡಿದರು. ಕಲಬುರಗಿ ಪೊಲೀಸರು ಪ್ರಕರಣ ದಾಖಲಿಸಿದರು. ಕೆಲವೇ ದಿನಗಳಲ್ಲಿ ಅವರು ಮಾತನ್ನು ಹಿಂದಕ್ಕೆ ಪಡೆದರು. 2024ರ ಜನವರಿಯಲ್ಲಿ ಆಗಿನ ಉತ್ತರ ಕನ್ನಡ ಸಂಸದ ಅನಂತಕುಮಾರ ಹೆಗಡೆ ಕುಮಟಾದಲ್ಲಿ ಭಟ್ಕಳದ ಮಸೀದಿಯನ್ನು ಪ್ರಸ್ತಾಪಿಸಿ ಆಡಿದ ಮಾತಿಗೆ ಪೊಲೀಸರು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿದರು. ಒಂದು ಕಡೆ ಶರಣರ ನಾಡು, ಇನ್ನೊಂದು ಕಡೆ ಕರಾವಳಿ. ಭಾಷಣಕಾರರ ಪಕ್ಷ ಬೇರೆ, ಧರ್ಮ ಬೇರೆ. ಆದರೆ ಎರಡರಲ್ಲೂ ಜನಸಂಖ್ಯೆ ಮತ್ತು ಕಟ್ಟಡವನ್ನು ತೋರಿಸಿ ನೆರೆಯವರನ್ನು ಬೆದರಿಸುವ ವರಸೆ ಒಂದೇ.

ಪ್ರಕರಣ ದಾಖಲಾದ ಮೇಲೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಐಪಿಸಿಯ 153ಎ ಮತ್ತು 295ಎ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299 ಆಗಿವೆ. ಮೊದಲನೆಯದು ಧರ್ಮ, ಜಾತಿ, ಭಾಷೆಗಳ ಹೆಸರಲ್ಲಿ ಗುಂಪುಗಳ ನಡುವೆ ವೈರ ಬಿತ್ತುವುದಕ್ಕೆ, ಎರಡನೆಯದು ದುರುದ್ದೇಶದಿಂದ ಧಾರ್ಮಿಕ ಭಾವನೆಯನ್ನು ಘಾಸಿಗೊಳಿಸುವುದಕ್ಕೆ. ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆಯಿದೆ. ಎಫ್‌ಐಆರ್ ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಕ್ಷುಲ್ಲಕ ದೂರುಗಳಿಂದ ನಾಗರಿಕರನ್ನು ಕಾಪಾಡಲೆಂದು ಇಟ್ಟ ಬಾಗಿಲು ಇದು. ರಾಜಕಾರಣಿಯ ವಿಷಯಕ್ಕೆ ಬಂದಾಗ ಅದರ ಬೀಗದ ಕೈ ರಾಜಕಾರಣಿಯ ಜೇಬಿನಲ್ಲೇ ಇರುತ್ತದೆ.

ಯೋಗಿ ಆದಿತ್ಯನಾಥ್ ಸಂಸದರಾಗಿದ್ದಾಗ 2007ರಲ್ಲಿ ಗೋರಖ್‌ಪುರದಲ್ಲಿ ಮಾಡಿದರೆನ್ನಲಾದ ಭಾಷಣದ ಪ್ರಕರಣ ನೋಡಿ. ವಿಚಾರಣೆಗೆ ಅನುಮತಿ ನಿರಾಕರಿಸಿ ಉತ್ತರ ಪ್ರದೇಶ ಸರ್ಕಾರ ಆದೇಶ ಹೊರಡಿಸಿದ್ದು 2017ರ ಮೇ ತಿಂಗಳಲ್ಲಿ. ಆಗ ಮುಖ್ಯಮಂತ್ರಿ ಅವರೇ. ಸಾಕ್ಷ್ಯವಾಗಿದ್ದ ಸಿ.ಡಿ. ತಿದ್ದಿದ್ದು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತ್ತೆಂಬುದನ್ನೂ ಹೇಳಬೇಕು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಜಾ ಮಾಡುವಾಗ, ಆರೋಪಿಯೇ ಸರ್ಕಾರದ ಮುಖ್ಯಸ್ಥನಾದರೆ ಅನುಮತಿಯನ್ನು ಯಾರು ತೀರ್ಮಾನಿಸಬೇಕು ಎಂಬ ಕಾನೂನಿನ ಪ್ರಶ್ನೆಯನ್ನು ಮುಂದಿನ ಪ್ರಕರಣಕ್ಕೆ ತೆರೆದಿಟ್ಟಿತು. ಆ ಪ್ರಶ್ನೆಗೆ ಸಂಸತ್ತಾದರೂ ಉತ್ತರ ಕೊಡಬಹುದು.

ಅನುಮತಿ ದಾಟಿದರೆ ಸಾಕ್ಷ್ಯದ ಗೋಡೆ. ಸಭೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಇನ್ಯಾರದೋ ಕೈಯಲ್ಲಿ ಕತ್ತರಿ ಕಂಡು ಮೂರನೆಯವರಿಂದ ಠಾಣೆಗೆ ಬರುತ್ತದೆ. 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, ಮೂಲ ಸಾಧನವನ್ನೇ ತಂದು ಹಾಜರುಪಡಿಸದಿದ್ದರೆ ಅದರ ಪ್ರತಿಯ ಜೊತೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಇರಲೇಬೇಕಿತ್ತು. ಈಗಿನ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಕಡತದ ಡಿಜಿಟಲ್ ಗುರುತಾದ ‘ಹ್ಯಾಶ್’ ಮೌಲ್ಯವನ್ನೂ ಕೇಳುತ್ತದೆ. ಇದೇನು ದೊಡ್ಡ ಕೆಲಸವಲ್ಲ. ಸಭೆಗೆ ಅನುಮತಿ ಕೊಟ್ಟ ಪೊಲೀಸರೇ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಿ, ಅದೇ ದಿನ ಮೊಹರು ಮಾಡಿ, ಧ್ವನಿ ಮಾದರಿ ಪಡೆದು ಪ್ರಯೋಗಾಲಯಕ್ಕೆ ಕಳುಹಿಸಿದರೆ ಒಂಬತ್ತು ವರ್ಷದ ಮೇಲೆ ತುಣುಕು ಸಾಕ್ಷ್ಯ ಎಂದು ಕೈ ಹಿಸುಕಿಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಕೊನೆಯ ಬಾಗಿಲು ಪ್ರಕರಣ ವಾಪಸಾತಿ. 2020ರ ಆಗಸ್ಟ್‌ನಲ್ಲಿ ಕರ್ನಾಟಕದ ಬಿಜೆಪಿ ಸರ್ಕಾರ ಸಚಿವರು, ಶಾಸಕರ ಮೇಲಿನವೂ ಸೇರಿ 61 ಪ್ರಕರಣಗಳನ್ನು ಹಿಂಪಡೆಯಲು ತೀರ್ಮಾನಿಸಿತು. ಹೈಕೋರ್ಟ್ ತಡೆ ಕೊಟ್ಟಿತು. 2021ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್, ಹೈಕೋರ್ಟಿನ ಒಪ್ಪಿಗೆಯಿಲ್ಲದೆ ಸಂಸದ, ಶಾಸಕರ ಮೇಲಿನ ಪ್ರಕರಣ ಹಿಂಪಡೆಯುವಂತಿಲ್ಲ ಎಂದಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯದೂ ಸೇರಿದಂತೆ 43 ಪ್ರಕರಣಗಳನ್ನು ಕೈಬಿಡಲು ಹೊರಟಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಬಣ್ಣ ಬೇರೆಯಾದರೂ ಎರಡೂ ಸರ್ಕಾರಗಳ ನಡೆ ಒಂದೇ ಆಗಿತ್ತು.

ಯಾವ ಮಾತು ಅಪರಾಧ?

ಇಷ್ಟಾದರೂ ಧರ್ಮದ ಬಗ್ಗೆ ರಾಜಕಾರಣಿ ಬಾಯಿ ತೆರೆಯುವುದೇ ಅಪರಾಧ ಎಂಬ ವಾದ ನನ್ನದಲ್ಲ. 295ಎ ಹುಟ್ಟಿದ ಕತೆಯಲ್ಲೇ ಒಂದು ಎಚ್ಚರಿಕೆ ಇದೆ. ಲಾಹೋರಿನ ಪ್ರಕಾಶಕ ರಾಜಪಾಲ್ ಪ್ರವಾದಿಯ ಬಗ್ಗೆ ಹೊರತಂದ ಪುಸ್ತಿಕೆಯ ಪ್ರಕರಣದಲ್ಲಿ 1927ರಲ್ಲಿ ಹೈಕೋರ್ಟ್ ಅವರನ್ನು ಬಿಟ್ಟಿತು. ತೀರಿಹೋದ ಧರ್ಮಗುರುವಿನ ಟೀಕೆ 153ಎ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನ್ಯಾಯಮೂರ್ತಿ ದಲೀಪ್ ಸಿಂಗರ ನಿಲುವು. ಆಕ್ರೋಶ ಎದ್ದಿತು, ಅದೇ ವರ್ಷ ಬ್ರಿಟಿಷ್ ಸರ್ಕಾರ 295ಎ ತಂದಿತು. ಕಾನೂನು ಬಂದರೂ ರಾಜಪಾಲ್ ಬದುಕಲಿಲ್ಲ. 1929ರಲ್ಲಿ ಅವರನ್ನು ಕೊಲ್ಲಲಾಯಿತು. ಭಾವನೆಗೆ ಪೆಟ್ಟಾಯಿತೆಂದು ಕಾನೂನು ಮಾಡಿದರೆ ಭಾವನೆ ತಣಿಯುತ್ತದೆ ಎಂಬುದು ಅಂದಿನಿಂದಲೂ ನಿಜವಾಗಿಲ್ಲ.

1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು, ಜೊತೆಗೆ ಅದರ ವ್ಯಾಪ್ತಿಯನ್ನು ಬಿಗಿಗೊಳಿಸಿತು ಕೂಡ. ಅರಿಯದೆ, ಅಜಾಗರೂಕತೆಯಿಂದ ಆದ ಅವಮಾನ ಅಪರಾಧವಲ್ಲ, ಉದ್ದೇಶಪೂರ್ವಕ ದುರುದ್ದೇಶ ಇರಬೇಕು ಎಂದಿತು. 2025ರ ಮಾರ್ಚ್ 28ರಂದು ಕಾಂಗ್ರೆಸ್ ಸಂಸದ ಇಮ್ರಾನ್ ಪ್ರತಾಪಗಢಿ ಮೇಲೆ ಒಂದು ಕವಿತೆಗಾಗಿ ಗುಜರಾತ್ ಪೊಲೀಸರು ಹಾಕಿದ್ದ ಎಫ್‌ಐಆರ್ ರದ್ದು ಮಾಡುವಾಗಲೂ ನ್ಯಾಯಾಲಯ ಇದೇ ಜಾಡಿನಲ್ಲಿ ನಡೆಯಿತು. ಮಾತನ್ನು ಅಳೆಯಬೇಕಾದ್ದು ವಿವೇಕಿಯೂ ಗಟ್ಟಿ ಮನಸ್ಸಿನವನೂ ಆದ ಮನುಷ್ಯನ ಅಳತೆಯಿಂದ, ಎಲ್ಲದರಲ್ಲೂ ಬೆದರಿಕೆ ಕಾಣುವವನ ಅಳತೆಯಿಂದಲ್ಲ.

ದೂರದ ಫಿನ್ಲೆಂಡಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವೈದ್ಯೆಯೂ ಮಾಜಿ ಗೃಹ ಸಚಿವೆಯೂ ಆದ ಸಂಸದೆ ಪೈವಿ ರಾಸಾನೆನ್ 2019ರಲ್ಲಿ ಬೈಬಲಿನ ಸಾಲುಗಳ ಚಿತ್ರ ಹಾಕಿ, ಸಲಿಂಗಿಗಳ ಮೆರವಣಿಗೆಗೆ ತಮ್ಮ ಚರ್ಚ್ ಬೆಂಬಲ ಕೊಟ್ಟದ್ದನ್ನು ಪ್ರಶ್ನಿಸಿದರು. ಅದಕ್ಕೂ ಅವರ ಹಳೆಯ ಕಿರುಹೊತ್ತಿಗೆಗೂ ಸೇರಿ ಪ್ರಕರಣ ನಡೆಯಿತು. 2022ರಲ್ಲಿ ಜಿಲ್ಲಾ ನ್ಯಾಯಾಲಯ, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದವು. ಆದರೂ ಪ್ರಾಸಿಕ್ಯೂಟರ್ ಸುಪ್ರೀಂ ಕೋರ್ಟಿನವರೆಗೆ ಹೋದರು. ರಾಸಾನೆನ್ ಅವರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಅದು ಸಲಿಂಗಿಗಳ ಮನಸ್ಸನ್ನು ನೋಯಿಸುತ್ತದೆ ಎಂಬುದೂ ನಿಜ. ಆದರೆ ಗ್ರಂಥದ ಸಾಲನ್ನು ಮುಂದಿಟ್ಟು ವಾದ ಮಾಡುವವರಿಗೆ ಗ್ರಂಥದಿಂದಲೇ ಮರುವಾದ ಹೂಡಬಹುದು. ಪೊಲೀಸರಿಲ್ಲದಿದ್ದರೆ ನಿಮ್ಮ ಗತಿ ನೋಡಿ, ಕತ್ತಿ ಇಟ್ಟುಕೊಳ್ಳಿ, ನಾವು ಇಷ್ಟು ಮಂದಿ ಇದ್ದೇವೆ ಎನ್ನುವ ಬಗೆಯ ಮಾತಿಗೆ ಯಾವ ಮರುವಾದವೂ ಸಾಲದು. ಅದನ್ನು ಕೇಳಿದ ನೆರೆಯವನು ಸಂಜೆ ಅಂಗಡಿ ಬೇಗ ಮುಚ್ಚುತ್ತಾನೆ, ಮಗಳನ್ನು ಕಾಲೇಜಿಗೆ ಕಳುಹಿಸಲು ಹಿಂದೆಮುಂದೆ ನೋಡುತ್ತಾನೆ.

ಗೆರೆ ಎಳೆಯಬೇಕಾದ್ದು ಇಲ್ಲಿಯೇ. ದೇವರನ್ನು, ಗ್ರಂಥವನ್ನು, ಆಚರಣೆಯನ್ನು ಟೀಕಿಸುವ ಮಾತು ಎಷ್ಟೇ ಕಹಿಯಾಗಿದ್ದರೂ ಅದಕ್ಕೆ ಉತ್ತರ ಮಾತಿನಿಂದಲೇ ಬರಲಿ. ಬದುಕಿರುವ ಮನುಷ್ಯರನ್ನು ಧರ್ಮದ ಕಾರಣಕ್ಕೆ ಹೊಡೆಯಲು, ಓಡಿಸಲು, ಬಹಿಷ್ಕರಿಸಲು ಪ್ರಚೋದಿಸುವ ಮಾತಿಗೆ ಶಿಕ್ಷೆಯಾಗಲಿ. ಈ ನಾಡು ಹನ್ನೆರಡನೆಯ ಶತಮಾನದಲ್ಲೇ ಗುಡಿಯನ್ನೂ ಗ್ರಂಥವನ್ನೂ ಪ್ರಶ್ನಿಸಿದವರನ್ನು ಕಂಡಿದೆ. ಅವರ ಮಾತನ್ನು ಎದೆಯಲ್ಲಿಟ್ಟುಕೊಂಡ ನಾವು ಪ್ರಶ್ನೆಗೆ ಹೆದರಬಾರದು, ಬೆದರಿಕೆಗೆ ಸುಮ್ಮನಿರಲೂಬಾರದು.

ಬೊಮ್ಮಾಯಿ ಪ್ರಕರಣ ಹೇಳಿದ್ದು

ಜಾತ್ಯತೀತ ರಾಜ್ಯ ಎಂದರೆ ಏನು ಎಂಬುದನ್ನು ದೇಶ ಇವತ್ತಿಗೂ ಓದುವುದು ಒಬ್ಬ ಕನ್ನಡಿಗನ ಹೆಸರಿನ ತೀರ್ಪಿನಲ್ಲಿ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಅವರು ಹೂಡಿದ ಹೋರಾಟ ಬೇರೆ ರಾಜ್ಯಗಳ ಪ್ರಕರಣಗಳ ಜೊತೆ ಸೇರಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪಾಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದು ಆ ತೀರ್ಪು ಸಾರಿತು. ಅದರ ತಿರುಳು ಇಷ್ಟೇ: ಪ್ರಜೆಗೆ ಧರ್ಮ ಇರಬಹುದು, ಸರ್ಕಾರಕ್ಕೆ ಎಲ್ಲ ಧರ್ಮದವರೂ ಒಂದೇ. ಹಾಗಾದರೆ ಎಫ್‌ಐಆರ್ ಹಾಕುವ ಕೈ, ಅನುಮತಿ ಕೊಡುವ ಕೈ, ಪ್ರಕರಣ ಹಿಂಪಡೆಯುವ ಕೈ ಯಾವುದೂ ಆಪಾದಿತನ ಧರ್ಮವನ್ನಾಗಲೀ ಪಕ್ಷವನ್ನಾಗಲೀ ನೋಡಕೂಡದು. 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ದೂರಿಗೆ ಕಾಯದೆ, ಭಾಷಣಕಾರನ ಧರ್ಮ ನೋಡದೆ ದ್ವೇಷ ಭಾಷಣದ ಮೇಲೆ ಪ್ರಕರಣ ದಾಖಲಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿದ್ದು ಇದನ್ನೇ.

2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಕರ್ನಾಟಕದ ಉಭಯ ಸದನಗಳು ದ್ವೇಷ ಭಾಷಣ ತಡೆಗೆಂದೇ ಒಂದು ವಿಧೇಯಕಕ್ಕೆ ಒಪ್ಪಿಗೆ ಕೊಟ್ಟವು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಿರ್ಮಲ್‌ನಿಂದ ಗೋರಖ್‌ಪುರದವರೆಗಿನ ಅನುಭವ ಹೇಳುವುದು ಬೇರೆ. ನಮಗೆ ಕಲಮುಗಳ ಕೊರತೆ ಇಲ್ಲ. ಕೊರತೆ ಇರುವುದು ಸಮಾನವಾಗಿ ಹಿಡಿಯುವ ಮನಸ್ಸಿಗೆ, ಸಾಕ್ಷ್ಯ ಕಟ್ಟುವ ಶ್ರದ್ಧೆಗೆ, ಬೇಗ ತೀರ್ಪು ಕೊಡುವ ವ್ಯವಸ್ಥೆಗೆ. ಶಿಕ್ಷೆಯ ವರ್ಷಗಳನ್ನು ಏರಿಸಿದ ಮಾತ್ರಕ್ಕೆ ಇವು ತುಂಬುವುದಿಲ್ಲ. ಅಸ್ಪಷ್ಟವಾದ ಬಿರುಸು ಕಾನೂನು ನಾಳೆ ಇನ್ನೊಂದು ಸರ್ಕಾರದ ಕೈಗೆ ಸಿಕ್ಕಾಗ ಪತ್ರಕರ್ತನ ಮೇಲೆ, ಕವಿಯ ಮೇಲೆ ಬೀಳಬಹುದು.

ಅವಸರದ ಶಿಕ್ಷೆಯಲ್ಲೂ ಅಪಾಯವಿದೆ. 153ಎ ಅಡಿ ಶಿಕ್ಷೆಯಾದರೆ ಅವಧಿ ಎಷ್ಟೇ ಇರಲಿ, ಜನಪ್ರತಿನಿಧಿ ಕಾಯ್ದೆಯ 8ನೇ ಕಲಂ ಪ್ರಕಾರ ಶಾಸಕತ್ವ ಹೋಗುತ್ತದೆ. ಸಮಾಜವಾದಿ ಪಕ್ಷದ ಆಜಂ ಖಾನ್‌ಗೆ 2019ರ ಭಾಷಣವೊಂದಕ್ಕೆ 2022ರ ಅಕ್ಟೋಬರ್‌ನಲ್ಲಿ ಮೂರು ವರ್ಷ ಶಿಕ್ಷೆಯಾಯಿತು. ಒಡನೆಯೇ ರಾಂಪುರ ಕ್ಷೇತ್ರ ಖಾಲಿ ಎಂದು ಘೋಷಣೆಯಾಗಿ ಡಿಸೆಂಬರ್‌ನಲ್ಲಿ ಉಪಚುನಾವಣೆಯೂ ಮುಗಿಯಿತು. 2023ರ ಮೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ಅವರು ಖುಲಾಸೆಯಾದರು. ಕ್ಷೇತ್ರ ಮಾತ್ರ ಕೈತಪ್ಪಿ ಹೋಗಿತ್ತು. ಒಂದು ಕಡೆ ಒಂಬತ್ತು ವರ್ಷದ ಎಳೆದಾಟ, ಇನ್ನೊಂದು ಕಡೆ ಮೇಲ್ಮನವಿಗೂ ಕಾಯದ ಆತುರ. ಎರಡರಲ್ಲೂ ನ್ಯಾಯ ನಡೆದಂತೆ ಜನರಿಗೆ ಕಾಣುವುದಿಲ್ಲ.

ಮಾಡಬೇಕಾದ್ದು

ಮಾಡಬೇಕಾದ್ದು ಬಹಳವಿಲ್ಲ. ಸಂಸದ, ಶಾಸಕ, ಸಚಿವರ ವಿಷಯದಲ್ಲಿ ಪೂರ್ವಾನುಮತಿಯ ಅಧಿಕಾರ ಸಚಿವ ಸಂಪುಟದ ಕೈ ತಪ್ಪಿ ಹೈಕೋರ್ಟಿನ ಮೇಲ್ವಿಚಾರಣೆಗೆ ಬರಬೇಕು, ಅರ್ಜಿ ಇತ್ಯರ್ಥಕ್ಕೆ ಗಡುವು ಇರಬೇಕು. ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯಗಳ ಮೇಲೆ ಹೈಕೋರ್ಟುಗಳು ನಿಗಾ ಇಡಬೇಕೆಂದು 2023ರ ನವೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದ್ವೇಷ ಭಾಷಣದ ಪ್ರಕರಣಗಳು ಅಲ್ಲಿ ಮುಂದಿನ ಚುನಾವಣೆಗೆ ಮುಂಚೆ ಮುಗಿಯಬೇಕು. ವಿಚಾರಣೆ ಸಾಧ್ಯವಿರುವಾಗ ಮುನ್ನೆಚ್ಚರಿಕೆ ಬಂಧನದ ಕಾಯ್ದೆಗೆ ಕೈ ಹಾಕಬಾರದು.

ಇದೆಲ್ಲಕ್ಕಿಂತ ಮೊದಲ ಹೊಣೆ ಪಕ್ಷಗಳದು. ರಾಜಾ ಸಿಂಗ್ ಅವರನ್ನು ಬಿಜೆಪಿ 2022ರ ಆಗಸ್ಟ್ 23ರಂದೇ ಅಮಾನತು ಮಾಡಿತು. 2023ರ ಅಕ್ಟೋಬರ್‌ನಲ್ಲಿ ಚುನಾವಣೆ ಹತ್ತಿರವಾದಾಗ ಅಮಾನತು ತೆಗೆದು ಟಿಕೆಟ್ ಕೊಟ್ಟಿತು, ಅವರು ಮೂರನೇ ಸಲ ಗೆದ್ದರು. ಎಂಐಎಂ ಅಕ್ಬರುದ್ದೀನ್ ಅವರನ್ನು ಸದನದಲ್ಲಿ ಪಕ್ಷದ ನಾಯಕನ ಸ್ಥಾನದಿಂದ ಕದಲಿಸಲೇ ಇಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸ ಕಾಂಗ್ರೆಸ್ ಸರ್ಕಾರ ಬಂದಾಗ ಅವರೇ ತೆಲಂಗಾಣ ವಿಧಾನಸಭೆಯ ಹಂಗಾಮಿ ಸ್ಪೀಕರ್ ಆದರು. ಅವರ ಮುಂದೆ ಪ್ರಮಾಣವಚನ ಸ್ವೀಕರಿಸುವುದಿಲ್ಲವೆಂದು ರಾಜಾ ಸಿಂಗ್ ಮತ್ತು ಬಿಜೆಪಿ ಶಾಸಕರು ಹೊರಗುಳಿದರು. ಪರಸ್ಪರರ ಮಾತನ್ನೇ ತೋರಿಸಿ ಬೆಳೆದ ಎರಡು ರಾಜಕಾರಣಗಳು ಒಂದೇ ಸದನದಲ್ಲಿ ಎದುರುಬದುರಾಗಿದ್ದವು. ಎರಡನ್ನೂ ಅಲ್ಲಿಗೆ ಕಳುಹಿಸಿದ್ದು ಮತಪೆಟ್ಟಿಗೆ.

ನ್ಯಾಯಾಲಯಕ್ಕೆ ಸಾಕ್ಷ್ಯ ಬೇಕು, ಪ್ರಮಾಣಪತ್ರ ಬೇಕು, ಅನುಮತಿ ಬೇಕು. ಮತದಾರನಿಗೆ ಇವು ಯಾವುದೂ ಬೇಡ, ಅವನು ತನ್ನ ಕಿವಿಯಿಂದಲೇ ಕೇಳಿದ್ದಾನೆ. ಕೊಂಡಾಪುರದ ಐಟಿ ಉದ್ಯೋಗಿಯಾಗಲಿ, ಕಲಬುರಗಿಯ ರೈತನಾಗಲಿ, ಕುಮಟಾದ ಮೀನುಗಾರನಾಗಲಿ ತನ್ನ ಧರ್ಮದ ನಾಯಕ ಇನ್ನೊಬ್ಬರನ್ನು ಬೆದರಿಸಿದಾಗ ಅವನಿಗೆ ಮತ ನಿರಾಕರಿಸಬೇಕು. ಎದುರು ಧರ್ಮದವನ ಮಾತನ್ನು ಖಂಡಿಸುವುದು ಸುಲಭ, ಅದಕ್ಕೆ ಧೈರ್ಯ ಬೇಡ. ನಮ್ಮವನನ್ನು ನಾವೇ ತಡೆಯುವ ದಿನ ಬಂದರೆ ಈ ಕಲಮುಗಳ ಹೆಸರು ಕಡತಗಳಲ್ಲಿ ಮಾತ್ರ ಉಳಿದರೂ ದೇಶಕ್ಕೆ ನಷ್ಟವಿಲ್ಲ. ಆ ದಿನ ಬರುವವರೆಗೆ ಕಾನೂನು ಎಲ್ಲರ ಮೇಲೂ ಒಂದೇ ತೂಕದಲ್ಲಿ, ಬೇಗ ನಡೆಯಬೇಕು. ಹಾಗೆ ನಡೆಸುವಂತೆ ನಮ್ಮ ಶಾಸಕರನ್ನು, ನಮ್ಮ ಸರ್ಕಾರವನ್ನು ಕೇಳುವುದು ನಮ್ಮ ಹಕ್ಕು.